ಕೇಳುವ ಕೆಲಸ

ಜುಲೈ ೯

ಮಗಳೇ,

ಫೋನ್ ಮಾಡಬೇಡ ಎಂದೆ ನೀನು, ಮಾಡುವುದಿಲ್ಲ. "ಬೆಳಗ್ಗಿಂದ ಸಂಜೆವರೆಗೂ ಕಂಡವರ ಮಾತು ಕೇಳಿ ಕೇಳಿ ಕಿವಿ ಸೋತಿರುತ್ತಮ್ಮ, ನಿನ್ನದೂ ಕೇಳೋಕೆ ನನ್ನ ಕೈಲಾಗಲ್ಲ" ಎಂದು ನೀನು ಹೇಳಿದಾಗ ಮೊದಲು ಸಿಟ್ಟು ಬಂತು. ಆಮೇಲೆ ಯೋಚಿಸಿದೆ, ಸೋತಿರುವುದು ಕಿವಿ ತಾನೇ, ಕಣ್ಣಲ್ಲವಲ್ಲ. ಅದಕ್ಕೇ ಈ ಕಾಗದ. ಓದಲು ಮನಸ್ಸಿಲ್ಲದಿದ್ದರೆ ದಿಂಬಿನ ಕೆಳಗಿಡು. ಕಾಗದ ಮುನಿಸಿಕೊಳ್ಳುವುದಿಲ್ಲ.

ಹಾಸ್ಟೆಲಿಗೆ ಬಂದು ಸೇರಿಕೊಂಡೆ. ಮೂರನೇ ಮಹಡಿ, ಕಿಟಕಿಯ ಆಚೆ ಒಂದು ಲಾಂಡ್ರಿಯ ಹಿಂಗೋಡೆ, ಹಗಲೆಲ್ಲ ಹಬೆ. ಜೊತೆಗಿರುವ ಹುಡುಗಿ ನನ್ನ ತರಗತಿಯವಳೇ, ನಿನಗಿಂತ ಚಿಕ್ಕವಳು. ಮೊದಲ ದಿನ ನಾನು ತರಗತಿಯೊಳಗೆ ಕಾಲಿಟ್ಟೆನೋ ಇಲ್ಲವೋ, ಮಕ್ಕಳೆಲ್ಲ ದಡಬಡ ಎದ್ದು ನಿಂತರು. "ಕೂತ್ಕೊಳ್ರಪ್ಪ, ನಾನೂ ನಿಮ್ಮ ಹಾಗೇ ಓದೋಕೆ ಬಂದವಳು" ಎಂದೆ. ಹಿಂದಿನ ಸಾಲಿನ ಹುಡುಗನೊಬ್ಬ ನಂಬದೆ ನಿಂತೇ ಇದ್ದ.

ನಿನ್ನಪ್ಪ ಬಸ್ಸು ಹತ್ತಿಸುವಾಗ ಹೇಳಿದ್ದು ಒಂದೇ ಮಾತು. "ಮಾತಾಡೋದಕ್ಕೆ ಕಾಲೇಜಿಗೆ ಯಾಕೆ ಹೋಗ್ಬೇಕು? ಮನೇಲೇ ಚೆನ್ನಾಗಿ ಮಾತಾಡ್ತಿದ್ಯಲ್ಲ." ಕೌನ್ಸೆಲಿಂಗ್ ಅಂದರೆ ಮಾತಾಡುವ ಓದಲ್ಲ, ಕೇಳುವ ಓದು ಎಂದೆ. ಅದಕ್ಕೆ ನಕ್ಕಿದ್ದು ಬಸ್ಸು ತಿರುಗುವವರೆಗೂ ನಿಲ್ಲಲಿಲ್ಲ.

ಅವರ ನಗು ಸುಳ್ಳಲ್ಲ. ನಮಗೆ ಪಾಠ ಮಾಡುವ ಮೇಡಮ್ಮನ್ನು ಮಕ್ಕಳು ಕೊಕ್ಕರೆ ಎನ್ನುತ್ತಾರೆ. ಉದ್ದಕ್ಕೆ, ಸಪೂರಕ್ಕೆ, ಅಲುಗಾಡದೆ ನಿಂತಿರುತ್ತಾರೆ. ಯಾವಾಗ ಕುಕ್ಕುತ್ತಾರೆ ಗೊತ್ತಾಗುವುದಿಲ್ಲ. ನಿನ್ನೆ ಮೂವರು ಮೂವರನ್ನು ಕೂರಿಸಿದರು. ಒಬ್ಬರು ಕಷ್ಟ ಹೇಳುವುದು, ಒಬ್ಬರು ಕೇಳುವುದು, ಒಬ್ಬರು ನೋಡುವುದು. ನನ್ನೆದುರಿನ ಹುಡುಗ "ಪರೀಕ್ಷೆ ಅಂದ್ರೆ ಕೈ ನಡುಗುತ್ತೆ" ಎನ್ನುತ್ತಿದ್ದ ಹಾಗೇ ನಾನು "ಬೆಳಗ್ಗೆ ಬೇಗ ಎದ್ದು ಓದಪ್ಪ, ರಾತ್ರಿ ಆ ಮೊಬೈಲ್ ಬಿಡು" ಎಂದುಬಿಟ್ಟೆ. ಮೇಡಮ್ ಮೆಲ್ಲಗೆ ಕೇಳಿದರು: "ಔಷಧಿ ಕೊಟ್ಟಾಯ್ತು. ಕಾಯಿಲೆ ಏನು ಅಂತ ಕೇಳಿದ್ರಾ?"

ಇಪ್ಪತ್ತು ವರ್ಷಕ್ಕೂ ಮೇಲೆ ಆಸ್ಪತ್ರೆಯ ಟೆಲಿಫೋನ್ ಬೋರ್ಡಿನ ಮುಂದೆ ಕೂತು ಯಾರ್ಯಾರದೋ ಮಾತನ್ನು ಯಾರ್ಯಾರಿಗೋ ಜೋಡಿಸಿದ್ದೇನೆ. ಒಂದನ್ನೂ ಕೇಳಿಸಿಕೊಂಡಿರಲಿಲ್ಲ ಎಂದು ಈಗ ಗೊತ್ತಾಗುತ್ತಿದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ಅಮ್ಮ


ಆಗಸ್ಟ್ ೨

ಅಮ್ಮಾ,

ಕಾಗದ ಬಂದು ಬಹಳ ದಿನವಾಯಿತು. ಓದಿದೆ, ನಕ್ಕೆ ಕೂಡ. ಉತ್ತರ ಬರೆಯೋಣವೆಂದು ಕೂತರೆ ಪೆನ್ನು ಹಿಡಿದ ಹಾಗೇ ಜೋಂಪು ಹತ್ತುತ್ತದೆ.

ನಾನು ಎಂಥ ಜಾಗದಲ್ಲಿ ಕೂರುತ್ತೇನೆ ಎಂದು ನೀನು ನೋಡಿಲ್ಲ. ಈ ವ್ಯಸನಮುಕ್ತಿ ಕೇಂದ್ರದಲ್ಲಿ ನನಗೆ ಕೊಟ್ಟಿರುವುದು ಮೊದಲು ಹಾಸಿಗೆ ಬಟ್ಟೆ ತುಂಬಿಡುತ್ತಿದ್ದ ಕೋಣೆ. ಕಿಟಕಿ ತಲೆಯಿಂದ ಮೇಲಿದೆ. ಬೆಳಕು ಬರುತ್ತದೆ, ಆಚೆ ಏನೂ ಕಾಣುವುದಿಲ್ಲ. ಎರಡು ಕುರ್ಚಿ, ಒಂದು ಸ್ಟೂಲು. ಒಬ್ಬರು ಎದ್ದುಹೋದ ಕುರ್ಚಿ ಆರುವ ಮೊದಲೇ ಇನ್ನೊಬ್ಬರು ಬಂದು ಕೂರುತ್ತಾರೆ. ಕುಡಿಯುವವರು, ಕುಡಿಯುವವರ ಹೆಂಡತಿಯರು, ಇನ್ನು ಮುಟ್ಟುವುದಿಲ್ಲ ಎಂದು ಆಣೆ ಹಾಕುವಾಗಲೇ ಬಾಯಿ ನಾರುವವರು. ಸಂಜೆ ಅವರೆಲ್ಲರ ಸಂಗತಿಯನ್ನೂ ಕಂಪ್ಯೂಟರಿಗೆ ತುಂಬಿಸಬೇಕು. ಮೊದಲು ನಾವು ಮೂವರು ಕೌನ್ಸೆಲರುಗಳಿದ್ದೆವು. ಒಬ್ಬಳು ಗಂಡನ ಊರಿಗೆ ಹೋದಳು, ಇನ್ನೊಬ್ಬ ವಿಮೆ ಮಾರಲು ಹೋದ. ಅವನೇ ಜಾಣ. ಈಗ ನಾನು, ಮತ್ತು ಓದು ಮುಗಿಸಿ ನೇರ ಇಲ್ಲಿಗೆ ಬಂದಿರುವ ಒಬ್ಬ ಹೊಸ ಹುಡುಗಿ.

ಒಳ್ಳೆಯದು ಏನೂ ಇಲ್ಲವೆಂದಲ್ಲ. ಒಬ್ಬ ವೆಲ್ಡರ್ ಬರುತ್ತಾನೆ. ಕುಡಿತ ಬಿಟ್ಟು ವರ್ಷವಾಗುತ್ತ ಬಂತು. "ಮೇಡಮ್, ಸಂಜೆ ಇಷ್ಟು ಉದ್ದ ಇರುತ್ತೆ ಅಂತ ನನಗೆ ಗೊತ್ತೇ ಇರ್ಲಿಲ್ಲ" ಎನ್ನುತ್ತಾನೆ. ಆ ಉದ್ದದ ಸಂಜೆಯನ್ನು ಹೇಗೆ ಕಳೆಯುವುದು ಎನ್ನುವುದೇ ನಮ್ಮಿಬ್ಬರ ಮಾತು. ಮಗಳಿಗೆ ಸೈಕಲ್ ಕಲಿಸುತ್ತಿದ್ದಾನಂತೆ. ಅವನು ಬರುವ ದಿನ ನನಗೆ ಅಷ್ಟು ಸುಸ್ತಾಗುವುದಿಲ್ಲ.

ಆದರೂ ಹೇಳುತ್ತೇನೆ, ನೀನು ವಾಪಸ್ ಹೋಗು. ಈ ವಯಸ್ಸಿನಲ್ಲಿ ನಿನಗೆ ಇದು ಯಾಕೆ? ನಿನ್ನ ಹುಮ್ಮಸ್ಸು ನೋಡಿದರೆ ಹೆದರಿಕೆಯಾಗುತ್ತದೆ. ನನಗೂ ಅಷ್ಟೇ ಇತ್ತು.

ಮಗಳು


ಆಗಸ್ಟ್ ೨೦

ಮಗಳೇ,

ಯಾಕೆ ಎಂದು ಕೇಳಿದೆ. ಕೊಕ್ಕರೆ ಮೇಡಮ್ ಕೂಡ ಅದನ್ನೇ ಕೇಳಿ, ಎರಡು ಪುಟ ಬರೆದುಕೊಂಡು ಬನ್ನಿ ಎಂದಿದ್ದರು. ಮಕ್ಕಳೆಲ್ಲ ಸಮಾಜಸೇವೆ ಎಂದು ಬರೆದರು. ನಾನೂ ಅದನ್ನೇ ಬರೆದೆ. ನಿಜ ನಿನಗೆ ಹೇಳುತ್ತೇನೆ.

ನೀನು ಕಾಲೇಜು ಬಿಟ್ಟು, ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ವರ್ಷ. ಊಟ ಬೇಡ, ಸ್ನಾನ ಬೇಡ, ನಾವೂ ಬೇಡ. ನಾನು ಬೇಡಿಕೊಂಡೆ, ಬೈದೆ, ಅತ್ತೆ. ಕೊನೆಗೆ ನಮ್ಮ ಆಸ್ಪತ್ರೆಯ ಡಾಕ್ಟರೊಬ್ಬರು ಆ ಕೌನ್ಸೆಲರ್ ಹೆಂಗಸಿನ ವಿಳಾಸ ಕೊಟ್ಟರು. ವಾರಕ್ಕೊಮ್ಮೆ ನೀನು ಒಳಗೆ, ನಾನು ಹೊರಗೆ ಬೆಂಚಿನ ಮೇಲೆ. ಬಾಗಿಲಿಗೆ ಕಿವಿ ಕೊಟ್ಟರೂ ಏನೂ ಕೇಳುತ್ತಿರಲಿಲ್ಲ. ಕೊಟ್ಟಿದ್ದೆ, ಸುಳ್ಳೇಕೆ ಹೇಳಲಿ. ಒಂದು ದಿನ ಒಳಗಿನಿಂದ ನಿನ್ನ ನಗು ಕೇಳಿಸಿತು, ಅಷ್ಟು ತಿಂಗಳ ಮೇಲೆ. ನನಗೆ ಸಂತೋಷವಾಗಬೇಕಿತ್ತು, ಆಯಿತು ಕೂಡ. ಅದರ ಪಕ್ಕದಲ್ಲೇ ಇನ್ನೊಂದೂ ಆಯಿತು, ಅದಕ್ಕೆ ನನಗೆ ಹೆಸರು ಗೊತ್ತಿಲ್ಲ. ಹೆತ್ತವಳ ಕೈಲಾಗದ್ದನ್ನು ಯಾರೋ ಒಬ್ಬಳು, ಒಂದು ಮುಚ್ಚಿದ ಬಾಗಿಲ ಹಿಂದೆ, ಹೇಗೆ ಮಾಡಿದಳು?

ಆಮೇಲೆ ನೀನೂ ಅದೇ ಓದು ಓದಿದೆ, ಅದೇ ಕೆಲಸ ಹಿಡಿದೆ. ಏನು ಮಾಡ್ತೀರೇ ಒಳಗೆ ಎಂದು ಕೇಳಿದಾಗಲೆಲ್ಲ "ಅದನ್ನ ಹಾಗೆಲ್ಲ ಹೇಳೋಕಾಗಲ್ಲಮ್ಮ" ಎಂದೆ. ಅದಕ್ಕೇ ಬಂದೆ. ಒಳಗೆ ಏನು ನಡೆಯುತ್ತದೆ ಎಂದು ಕಣ್ಣಾರೆ ನೋಡಲು. ಬೇರೆ ಯಾವ ಸೇವೆಯೂ ಇಲ್ಲ.

ಅಮ್ಮ


ಸೆಪ್ಟೆಂಬರ್ ೧೪

ಅಮ್ಮಾ,

ನಿನ್ನ ಕಾಗದವನ್ನು ಇಷ್ಟು ದಿನ ಬ್ಯಾಗಿನಲ್ಲಿಟ್ಟುಕೊಂಡೇ ಓಡಾಡಿದೆ.

ಒಳಗೆ ಏನೂ ನಡೆಯುತ್ತಿರಲಿಲ್ಲ. ಆಕೆಯ ಹತ್ತಿರ ಮಂತ್ರವಿರಲಿಲ್ಲ. ಅರ್ಧ ಹೊತ್ತು ನಾನು ಸುಮ್ಮನಿರುತ್ತಿದ್ದೆ, ಆಕೆಯೂ ಸುಮ್ಮನಿರುತ್ತಿದ್ದರು. ನಿನಗೆ ಹೇಳಲಾಗದ್ದನ್ನು ಆಕೆಗೆ ಹೇಳಿದ್ದು ನಿಜ. ಯಾಕೆಂದರೆ ಆಕೆಯ ಮುಖ ಬಾಡುತ್ತಿರಲಿಲ್ಲ. ನಿನ್ನದು ಬಾಡುತ್ತಿತ್ತು. ಬದುಕುವುದೇ ಬೇಡ ಎನ್ನಿಸುತ್ತಿದೆ ಎಂದು ಹೇಳಲು ನಾನು ಬಾಯಿ ತೆರೆಯುವ ಮೊದಲೇ ನಿನ್ನ ಕಣ್ಣು ತುಂಬುತ್ತಿತ್ತು. ಆಮೇಲೆ ನಿನ್ನನ್ನು ಸಮಾಧಾನ ಮಾಡುವುದೂ ನನ್ನ ಪಾಲಿಗೇ ಬರುತ್ತಿತ್ತು. ಆಕೆಗೆ ನಾನು ಯಾರೂ ಅಲ್ಲ. ಅಷ್ಟೇ ಗುಟ್ಟು. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಗಿಡದ ತಪ್ಪಲ್ಲವಲ್ಲ.

ಈಗ ನನ್ನ ಮುಖವೂ ಬಾಡುವುದಿಲ್ಲ. ಅದು ಕಲಿತದ್ದೋ ಸವೆದದ್ದೋ ತಿಳಿಯುತ್ತಿಲ್ಲ. ಮೊನ್ನೆ ಪಕ್ಕದ ಮನೆಯ ಮಗು ಮೆಟ್ಟಿಲಿಂದ ಬಿದ್ದು ಮೊಣಕಾಲು ತರಚಿಕೊಂಡು ಅಳುತ್ತ ನನ್ನ ಹತ್ತಿರ ಓಡಿಬಂತು. ನಾನು ಅಲ್ಲೇ ನಿಂತು "ಹೂಂ, ಹೇಳು" ಎಂದೆ. ಮಗು ಅಳು ನಿಲ್ಲಿಸಿ ನನ್ನನ್ನೇ ನೋಡಿತು.

ಇದನ್ನು ನಿನಗೆ ಹೇಳಬಾರದಿತ್ತೋ ಏನೋ. ಬರೆದದ್ದನ್ನು ಹರಿದುಹಾಕುವುದಕ್ಕೂ ಬೇಜಾರು, ಅದಕ್ಕೇ ಹಾಗೇ ಕಳಿಸುತ್ತಿದ್ದೇನೆ.

ಮಗಳು


ಅಕ್ಟೋಬರ್ ೧೮

ಮಗಳೇ,

ನಿನ್ನ ಕಾಗದ ಓದಿದೆ. ಅದರ ಬಗ್ಗೆ ಈಗ ಏನೂ ಬರೆಯುವುದಿಲ್ಲ. ಬರೆದರೆ ಮತ್ತೆ ನೀನೇ ಸಮಾಧಾನ ಹೇಳಬೇಕಾಗುತ್ತದೆ.

ನಮ್ಮ ಪ್ರಾಕ್ಟಿಕಲ್ ಶುರುವಾಗಿದೆ. ನನ್ನನ್ನು ಕಿಡ್ನಿ ಕಾಯಿಲೆಯವರ ವಾರ್ಡಿಗೆ ಹಾಕಿದ್ದಾರೆ. ಆಸ್ಪತ್ರೆ ನನಗೆ ಹೊಸದಲ್ಲ, ಆದರೆ ಬೋರ್ಡಿನ ಹಿಂದೆ ಕೂರುವುದು ಬೇರೆ, ಮಂಚದ ಪಕ್ಕ ಕೂರುವುದು ಬೇರೆ. ಒಂದು ಸಲ ನನ್ನ ಹತ್ತಿರ ಕೂತವರು ಎರಡನೇ ಸಲ ಬರುವುದಿಲ್ಲ. ಒಬ್ಬಾಕೆ ನನ್ನನ್ನು ಕಂಡ ಕೂಡಲೇ ನಿದ್ದೆ ಬಂದವರ ಹಾಗೆ ಕಣ್ಣು ಮುಚ್ಚಿಕೊಂಡರು. ರೆಪ್ಪೆ ಅದುರುತ್ತಿತ್ತು.

ಒಪ್ಪಿಗೆ ಕೇಳಿ ರೆಕಾರ್ಡ್ ಮಾಡಿಕೊಂಡ ಮಾತನ್ನು ಮೇಡಮ್ ಮುಂದೆ ಕೇಳಿಸಬೇಕು. ಕೇಳಿಸಿದೆ. ಅದರಲ್ಲಿ ವಾರ್ಡಿನ ಒಬ್ಬಾಕೆ "ನಮ್ಮ ಯಜಮಾನ್ರು ಈಚೆಗೆ ಆಸ್ಪತ್ರೆಗೇ ಬರಲ್ಲ" ಎನ್ನುತ್ತಾರೆ. ನಾನು "ಅಯ್ಯೋ, ನಮ್ಮನೆಯವರಿಗೂ ಆಸ್ಪತ್ರೆ ಅಂದ್ರೆ ಆಗಲ್ಲ ಕಣ್ರೀ" ಎಂದು ಶುರು ಮಾಡಿ ನಿಲ್ಲಿಸುವುದೇ ಇಲ್ಲ. ಮೇಡಮ್ ಕೇಳಿದರು: "ಇದರಲ್ಲಿ ಕ್ಲೈಂಟ್ ಯಾರು?"

ನನ್ನ ಮಾತು ನನಗೇ ಕೇಳಲಾಗಲಿಲ್ಲ. ನೀವಿಬ್ಬರೂ ಇಷ್ಟು ವರ್ಷ ಹೇಗೆ ತಡೆದುಕೊಂಡಿರಿ?

ವೆಲ್ಡರನ ಮಗಳು ಸೈಕಲ್ ಕಲಿತಳೇ?

ಅಮ್ಮ


ನವೆಂಬರ್ ೨೫

ಮಗಳೇ,

ಹಿಂದಿನ ಕಾಗದ ತಲುಪಿತೋ ಇಲ್ಲವೋ ತಿಳಿಯಲಿಲ್ಲ. ನೀನು ಬರೆಯಲೇಬೇಕೆಂದಿಲ್ಲ. ಖಾಲಿ ಹಾಳೆಯನ್ನೇ ಮಡಿಸಿ ಕಳಿಸಿದರೂ ನಡೆಯುತ್ತದೆ.

ಅಮ್ಮ


ಡಿಸೆಂಬರ್ ೬

ಮಗೂ,

ನಿನ್ನಿಂದ ಕಾಗದವಿಲ್ಲವೆಂದು ನಿನ್ನಮ್ಮ ದಿನಾ ಫೋನಿನಲ್ಲಿ ನನ್ನ ತಲೆ ತಿನ್ನುತ್ತಿದ್ದಾಳೆ. ನೀವಾದರೂ ಬರೀರಿ ಎಂದಳು. ಬರೆದಿದ್ದೇನೆ.

ನನಗೆ ಬರೆಯುವುದು ಬರುವುದಿಲ್ಲ. ಅಡುಗೆ ಕಲಿತೆ. ತಳ ಹಿಡಿಸುವುದನ್ನು ಇನ್ನೂ ಬಿಟ್ಟಿಲ್ಲ. ನಿನ್ನ ಕೋಣೆ ಗುಡಿಸಿಟ್ಟಿದ್ದೇನೆ. ಬಾ ಎಂದಲ್ಲ. ಸುಮ್ಮನೆ ಗುಡಿಸಿಟ್ಟಿದ್ದೇನೆ.

ಅಪ್ಪ


ಡಿಸೆಂಬರ್ ೨೯

ಅಮ್ಮಾ,

ವೆಲ್ಡರ್ ಹೋದ.

ಅಕ್ಟೋಬರಿನಲ್ಲೇ. ನೀನು ಅವನ ಮಗಳ ಸೈಕಲ್ಲನ್ನು ಕೇಳಿ ಬರೆದ ಕಾಗದ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಯಾವುದೋ ದೊಡ್ಡ ಕೆಲಸ ಮುಗಿಯಿತೆಂದು ಜೊತೆಯವರು ಕುಡಿಯಲು ಕೂತರಂತೆ, ಇವನೂ ಕೂತನಂತೆ. ಮನೆಗೆ ಬರುವಾಗ ರಸ್ತೆ ದಾಟಲು ಹೋಗಿ ವ್ಯಾನಿಗೆ ಸಿಕ್ಕಿದ. ನಾನು ಒಬ್ಬರ ಜೊತೆ ಮಾತು ಮುಗಿಸಿ ಕೂತಿದ್ದೆ. ಹೊರಗಿನ ಮೇಜಿನ ಹೆಂಗಸು ಬಾಗಿಲಲ್ಲಿ ತಲೆಹಾಕಿ ಹೇಳಿದಳು: "ಮೇಡಮ್, ಆ ವೆಲ್ಡರ್ ತೀರ್ಕೊಂಡ್ರಂತೆ. ಮುಂದಿನವರನ್ನ ಕಳಿಸ್ಲಾ?"

ಎರಡೂ ಒಂದೇ ಉಸಿರಿನಲ್ಲಿ. ಅವಳದು ತಪ್ಪಲ್ಲ, ಹೊರಗೆ ಸಾಲು ಇತ್ತು.

ಕಳಿಸು ಎಂದೆ.

ಆ ದಿನ ಎಲ್ಲರನ್ನೂ ನೋಡಿದೆ. ಮರುದಿನವೂ. ಅಳು ಬರಲಿಲ್ಲ, ಈವರೆಗೂ ಬಂದಿಲ್ಲ. "ಇದೆಲ್ಲ ನಮ್ಮ ಕೆಲಸದಲ್ಲಿ ಇದ್ದದ್ದೇ, ಮನಸ್ಸಿಗೆ ಹಚ್ಕೋಬೇಡಿ" ಎಂದರು ನಮ್ಮ ನಿರ್ದೇಶಕರು. ಹಚ್ಚಿಕೊಳ್ಳಲಿಲ್ಲವಲ್ಲ ಸಾರ್, ಅದೇ ತೊಂದರೆ ಎನ್ನಬೇಕೆನ್ನಿಸಿತು.

ಹೋದ ವಾರ ಅವನ ಹೆಂಡತಿ ಬಂದರು. ಬೈಯಲು ಬಂದಿದ್ದಾರೆ ಎಂದುಕೊಂಡು ನೆಟ್ಟಗೆ ಕೂತೆ. ಬೈದಿದ್ದರೆ ಹಗುರಾಗುತ್ತಿತ್ತು. ಆಕೆ ಗಂಡ ಕೂರುತ್ತಿದ್ದ ಕುರ್ಚಿಯಲ್ಲೇ ಕೂತು, "ಅವರ ಮಾತು ಅಷ್ಟು ದಿನ ಕೇಳಿದ್ರಿ. ಈಗ ನನ್ನದೂ ಸ್ವಲ್ಪ ಕೇಳ್ತೀರಾ?" ಎಂದರು.

ಈ ಕೋಣೆಗೆ ಬಂದವರಿಗೆ ನಾನು ಆಗುವುದಿಲ್ಲ ಎಂದದ್ದೇ ಇಲ್ಲ. ಅವತ್ತು ಅಂದೆ. "ನನ್ನ ಕೈಲಿ ಆಗಲ್ಲಮ್ಮ. ನೀವು ಹೇಳ್ತಾ ಹೋಗ್ತೀರಿ, ನಾನು ತಲೆ ಆಡಿಸ್ತೀನಿ, ಆದ್ರೆ ನಿಮ್ಮ ಮಾತು ನನ್ನೊಳಗೆ ಇಳಿಯಲ್ಲ. ಅದು ನಿಮಗೆ ಮೋಸ." ಆಕೆ ಕುರ್ಚಿಯಿಂದ ಎದ್ದರು. "ಸರಿ ಬಿಡಿ. ನಿಮಗೂ ಸಾಕಾಗಿರ್ಬೇಕು" ಎಂದರು. ಸಿಟ್ಟಿರಲಿಲ್ಲ, ಕನಿಕರವೂ ಇರಲಿಲ್ಲ. ಹೊಸ ಹುಡುಗಿಯ ಹತ್ತಿರ ಕರೆದುಕೊಂಡು ಹೋಗಿ ಕೂರಿಸಿ ಬಂದೆ. ಆ ಹುಡುಗಿ ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು. ಅಷ್ಟು ನೋಡಿ ಬಾಗಿಲು ಹಾಕಿದೆ.

ನನ್ನ ಕೋಣೆಗೆ ಬಂದಮೇಲೆ ಮತ್ತೆ ಏಳಲಾಗಲಿಲ್ಲ. ಮುಂದಿನವರನ್ನು ಕಳಿಸಬೇಡ ಎಂದೆ. ಕಾರಿಡಾರಿನಲ್ಲಿ ಕಾದಿದ್ದವರು ಗೊಣಗಿದರು, ಹೋದರು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಾನಿಯೊಳಗೆ ಬಿತ್ತಂತೆ. ಬಿದ್ದಿದ್ದೇನೆ. ರಜೆಗೆ ಬರೆದುಕೊಟ್ಟಿದ್ದೇನೆ.

ಮಗಳು


ಜನವರಿ ೮

ಮಗಳೇ,

ಇಲ್ಲಿಗೆ ಬಾ. ಇಲ್ಲವೆ ಮನೆಗೆ ಹೋಗು. ಇಲ್ಲವೆ ಅಲ್ಲೇ ಮಲಗು. ನಿನಗೆ ಯಾವುದು ಆಗುತ್ತದೋ ಅದು.

ಬದುಕುವುದು ಬೇಡ ಎಂದು ಆಗ ಅನ್ನಿಸುತ್ತಿತ್ತಲ್ಲ, ಈಗಲೂ ಅನ್ನಿಸುತ್ತಿದೆಯೇ? ನೇರವಾಗಿ ಕೇಳಬೇಕು, ಸುತ್ತಿ ಬಳಸಬಾರದು ಎಂದು ನಮಗೆ ಕಲಿಸಿದ್ದಾರೆ. ಅದಕ್ಕೇ ಕೇಳಿದ್ದೇನೆ. ಇದೊಂದಕ್ಕೆ ಮಾತ್ರ ಕಾಗದ ಬೇಡ, ಈಗಲೇ ಫೋನ್ ಮಾಡು. ಹೂಂ ಅಥವಾ ಇಲ್ಲ ಎಂದರೆ ಸಾಕು. ಹೂಂ ಎಂದರೆ ಮುಂದಿನ ಬಸ್ಸಿಗೇ ಹೊರಡುತ್ತೇನೆ.

ನನ್ನ ಸುದ್ದಿ ಒಂದೇ ಸಾಲು. ಪ್ರಾಕ್ಟಿಕಲ್‌ನಲ್ಲಿ ಫೇಲಾದೆ, ಮತ್ತೆ ಮೊದಲಿಂದ ಮಾಡಬೇಕಂತೆ. "ನೀವು ಒಳ್ಳೆಯವರು. ಆದ್ರೆ ಎದುರಿನವರ ದುಃಖ ಕಂಡ್ರೆ ನಿಮಗೆ ಗಾಬರಿ ಆಗುತ್ತೆ, ಗಾಬರಿಗೆ ಮಾತಾಡ್ತೀರಿ" ಎಂದರು ಮೇಡಮ್. ನನ್ನ ಮುಖ ಬಾಡುತ್ತದೆ ಎಂದು ನೀನು ಆಗಲೇ ಹೇಳಿದ್ದೆ. ಗಂಟುಮೂಟೆ ಕಟ್ಟೋಣವೇ ಎಂದು ಯೋಚಿಸುತ್ತಿದ್ದೇನೆ.

ಅಮ್ಮ


ಜನವರಿ ೨೭

ಅಮ್ಮಾ,

ಫೋನಿನಲ್ಲಿ ಇಲ್ಲ ಎಂದಷ್ಟೇ ಹೇಳಿ ಇಟ್ಟೆ. ಅದು ನಿಜವೇ. ಈಗಿರುವುದು ಅದಲ್ಲ, ದಣಿವು. ನೀನು ಕೇಳಿದ್ದು ಒಳ್ಳೆಯದಾಯಿತು. ಈ ಮಧ್ಯೆ ಬೇರೆ ಯಾರೂ ಕೇಳಿರಲಿಲ್ಲ.

ಗಂಟು ಕಟ್ಟಬೇಡ. ಮೇಡಮ್ ಹೇಳಿದ್ದು ಸರಿ, ಆದರೆ ಅದು ವಾಸಿಯಾಗದ ಕಾಯಿಲೆಯೇನಲ್ಲ. ಗಾಬರಿಯೇ ಆಗದ ಸ್ಥಿತಿಗೆ ಬಂದವಳು ಹೇಳುತ್ತಿದ್ದೇನೆ, ನಿನ್ನದೇ ವಾಸಿ. ಮುಖ ಬಾಡಿದರೆ ಬಾಡಲಿ. ಬಾಡಿದ ಮುಖವನ್ನು ಆಚೆ ತಿರುಗಿಸದಿದ್ದರೆ ಆಯಿತು.

ರಜೆ ಸಿಕ್ಕಿದೆ. ನನ್ನ ಹಳೆಯ ಗುರುಗಳು ಈಗ ನೀನಿರುವ ಊರಿನ ಒಬ್ಬ ಕೌನ್ಸೆಲರ್ ಹೆಸರು ಕೊಟ್ಟಿದ್ದಾರೆ. ಈ ಸಲ ನಾನೇ ಕ್ಲೈಂಟು. ಅಲ್ಲಿರುವಷ್ಟು ದಿನ ನಿನ್ನ ಜೊತೆ ಇರುತ್ತೇನೆ, ಜಾಗ ಮಾಡು. ಬಸ್ ನಿಲ್ದಾಣಕ್ಕೆ ಬರಬೇಡ. ಏನಾಯಿತು ಎಂದು ಕೇಳಬೇಡ. ಸಣ್ಣಗಾಗಿದ್ದೀಯ ಎನ್ನಬೇಡ.

ಮಗಳು


ಮಾರ್ಚ್ ೩

ಇವರಿಗೆ,

ನಿಮಗೆ ಕಾಗದ ಬರೆದದ್ದು ಯಾವಾಗಲೋ, ಮದುವೆಯಾದ ಹೊಸತರಲ್ಲಿ. ಫೋನಿನಲ್ಲಿ ಹೇಳಬಹುದಿತ್ತು, ಆದರೆ ನೀವು ನಡುವೆ ಕೇಳುತ್ತೀರಿ, ನಾನು ಹೇಳಿಬಿಡುತ್ತೇನೆ.

ಮಗಳು ಬಂದಳು. ಜೊತೆಯ ಹುಡುಗಿ ತನ್ನ ಮಂಚ ಬಿಟ್ಟುಕೊಟ್ಟು ಗೆಳತಿಯ ಕೋಣೆಗೆ ಹೋದಳು. ಇವಳು ಬಂದವಳೇ ಚಪ್ಪಲಿ ಬಿಟ್ಟು ಮಲಗಿದಳು. ಏಳುವುದು, ತಿನ್ನುವುದು, ಮಲಗುವುದು. ಮಂಗಳವಾರ ಮಾತ್ರ ಎದ್ದು ತಲೆ ಬಾಚಿ ಆ ಕೌನ್ಸೆಲರ್ ಹತ್ತಿರ ಹೋಗಿಬರುತ್ತಾಳೆ. ಸಣ್ಣಗಾಗಿದ್ದಾಳೆ. ಹೇಳಲಿಲ್ಲ. ನಾಲಗೆ ಕಚ್ಚಿ ಕಚ್ಚಿ ಗಾಯವಾಗಿದೆ. ನಿಮಗೆ ಗೊತ್ತಲ್ಲ, ನನಗೆ ಬಾಯಿ ಮುಚ್ಚುವುದೆಂದರೆ ಉಸಿರು ಮುಚ್ಚಿದ ಹಾಗೆ.

ಸ್ವಂತದವರಿಗೆ ನಾವು ಕೌನ್ಸೆಲಿಂಗ್ ಮಾಡಕೂಡದು ಎಂದು ನಿಯಮವಿದೆ. ಮಾಡಲಿಲ್ಲ. ಸುಮ್ಮನೆ ಅವಳ ಆಸುಪಾಸಿನಲ್ಲಿದ್ದೆ. ನಿನ್ನೆ ಮಧ್ಯಾಹ್ನ ಟೆರೇಸಿನಲ್ಲಿ ಬಟ್ಟೆ ತೆಗೆಯುತ್ತಿದ್ದೆ. ಅವಳೂ ಬಂದು ನೀರಿನ ಟ್ಯಾಂಕಿನ ನೆರಳಿನಲ್ಲಿ ಕೂತಳು. ನಾನು ಕೇಳದೆ, ತಾನಾಗಿ ಮಾತಾಡಿದಳು. ಮೊದಲು ಆ ವೆಲ್ಡರನ ವಿಷಯ, ಆಮೇಲೆ ಹಿಂದಿನದು, ಅವಳು ಮಲಗಿದ್ದ ವರ್ಷದ್ದು. ನಾನು ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಡಲೂ ಇಲ್ಲ. ನಡುವೆ ನನಗೆ ಅಳು ಬಂತು, ಒರೆಸಿಕೊಳ್ಳಲಿಲ್ಲ, ಅವಳ ಕಡೆಯೇ ನೋಡಿಕೊಂಡು ನಿಂತೆ. ಅವಳು ಮಾತು ನಿಲ್ಲಿಸಲಿಲ್ಲ. ಕೊನೆಕೊನೆಗೆ ಅವಳಿಗೂ ಅಳು ಬಂತು. ಅಕ್ಟೋಬರಿನಿಂದ ಕಾದಿದ್ದ ಅಳು, ಜೋರಾಗಿಯೇ ಬಂತು.

ಅವಳು ಮತ್ತೆ ಆ 'ಹೂಂ, ಹೇಳಿ' ಕೆಲಸಕ್ಕೆ ಹೋಗುತ್ತಾಳೋ ಇಲ್ಲವೋ ಗೊತ್ತಿಲ್ಲ. ಅವಳಿಗೂ ಗೊತ್ತಿಲ್ಲ. ನಾನು ಮಾತ್ರ ವಾರ್ಡಿಗೆ ಮತ್ತೆ ಹೋಗುತ್ತಿದ್ದೇನೆ.

ಏನು ಹೇಳಿದಳು ಎಂದು ನೀವು ಕೇಳುತ್ತೀರಿ. ನೀವೂ ಹೆತ್ತವರು, ಕೇಳುವುದು ಸಹಜ. ಹೇಳುವುದಿಲ್ಲ. ಇಷ್ಟು ವರ್ಷದ ಸಂಸಾರದಲ್ಲಿ ನಿಮ್ಮಿಂದ ಮುಚ್ಚಿಟ್ಟದ್ದು ಏನೂ ಇಲ್ಲ, ಪಕ್ಕದ ಮನೆಯವರ ಜಗಳವನ್ನೂ ಬಿಡದೆ ವರದಿ ಒಪ್ಪಿಸಿದ್ದೇನೆ. ಇದು ಅವಳ ಮಾತು. ನನ್ನ ಹತ್ತಿರ ಇಟ್ಟಿದ್ದಾಳೆ, ಅಷ್ಟೇ.

ಭಾನುವಾರ ಅಲ್ಲಿಗೆ ಬರುತ್ತಾಳೆ. ಅವಳಿಗೆ ಅನ್ನಿಸಿದರೆ ನಿಮಗೂ ಹೇಳಿಯಾಳು, ಇಲ್ಲವೆ ಇಲ್ಲ. ತಳ ಹಿಡಿದರೂ ಸರಿ, ಬಿಸಿಯಾಗಿ ಬಡಿಸಿ. ಆಮೇಲೆ ಎದ್ದು ಹೋಗಬೇಡಿ, ಅಲ್ಲೇ ಕೂತಿರಿ.

ನಿಮ್ಮವಳು